ಅಮ್ಮಾ, ಕೆ ದೊಡ್ಡದು!

ಮೊನ್ನೆ ಶುಕ್ರವಾರ ನನ್ನ ಕಂಪ್ಯೂಟರಿನ ಪಾಸ್‌ಫ್ರೇಸ್, ಅಂದರೆ ಉದ್ದನೆಯ ಪಾಸ್‌ವರ್ಡ್, ಇಡೀ ತೋಟಕ್ಕೆ ಗೊತ್ತಾಯಿತು. ಹ್ಯಾಕರ್ ಯಾರೂ ಬಂದಿರಲಿಲ್ಲ. ನಾನೇ ಕೂಗಿ ಹೇಳಿದ್ದು.

ಕೊಡಗಿನ ಮಾದಾಪುರದ ಹತ್ತಿರ ನಮ್ಮ ಮನೆಯಲ್ಲಿ ಒಂದು ಹಳೇ ಆಫೀಸ್ ಕಂಪ್ಯೂಟರನ್ನು ಸರ್ವರ್ ಮಾಡಿಟ್ಟಿದ್ದೇನೆ. ಡೆಬಿಯನ್ ಅನ್ನೋ ಲಿನಕ್ಸ್, ಅದರ ಮೇಲೆ ಪ್ರಾಕ್ಸ್‌ಮಾಕ್ಸ್ ಅನ್ನೋ ತಂತ್ರಾಂಶ, ಅದರೊಳಗೆ ವರ್ಚುವಲ್ ಮಷಿನ್‌ಗಳು, ಅಂದರೆ ಒಂದೇ ಡಬ್ಬದೊಳಗೆ ಬೇರೆ ಬೇರೆ ಕಂಪ್ಯೂಟರುಗಳ ಹಾಗೆ ಓಡುವವು. ಬ್ಯಾಂಕಿಗೆ ಒಂದು. ಅನುಮಾನದ ಪಿಡಿಎಫ್ ಬಿಚ್ಚಿ ನೋಡಲು ಒಂದು, ನೋಡಿದ ಮೇಲೆ ಹಳೇ ಸ್ನಾಪ್‌ಶಾಟ್‌ಗೆ, ಅಂದರೆ ಮೊದಲೇ ಉಳಿಸಿಟ್ಟ ಸ್ಥಿತಿಗೆ, ವಾಪಸ್. ಗುರುತು ಮರೆಸುವ ಹೂನಿಕ್ಸ್‌ದು ಎರಡು: ಕೆಲಸ ಮಾಡುವ ವರ್ಕ್‌ಸ್ಟೇಷನ್ ಏನೇ ಕಳಿಸಿದರೂ ಗೇಟ್‌ವೇ ಅನ್ನೋ ಇನ್ನೊಂದನ್ನು ದಾಟಿ, ಎಲ್ಲಿಂದ ಬಂತು ಅಂತ ಮುಚ್ಚಿಡುವ ಟಾರ್ ಜಾಲದ ಮೂಲಕವೇ ಹೋಗಬೇಕು. ಹಂದಿ ಗೂಡು ಬೇರೆ, ಕೋಳಿ ಗೂಡು ಬೇರೆ ಅಂತ ಇಡ್ತೀವಲ್ಲ, ಒಂದಕ್ಕೆ ಬಂದ ರೋಗ ಇನ್ನೊಂದಕ್ಕೆ ಹತ್ತಬಾರದು ಅಂತ, ಹಾಗೆ. ಇನ್ನೊಂದರಲ್ಲಿ ಓಪಿಎನ್‌ಸೆನ್ಸ್ ಫೈರ್‌ವಾಲ್, ಅಂದರೆ ನೆಟ್‌ವರ್ಕಿನ ಕಾವಲುಗಾರ. ಮನೆಯ ಇಂಟರ್ನೆಟ್ಟೆಲ್ಲ ಅದರ ಮೂಲಕವೇ. ಇಡೀ ಡಿಸ್ಕಿಗೆ ಲಕ್ಸ್ ಎನ್‌ಕ್ರಿಪ್ಷನ್ ಅನ್ನೋ ಬೀಗ, ಆನ್ ಮಾಡಿದಾಗೆಲ್ಲ ಪಾಸ್‌ಫ್ರೇಸ್ ಕೊಟ್ಟರೇ ತೆರೆಯುವುದು; ಕಳ್ಳ ಹೊತ್ತುಕೊಂಡು ಹೋದರೂ ಏನೂ ಸಿಗಬಾರದು. "ಕರಿಮೆಣಸಿನ ಮೂಟೆ ಬಿಟ್ಟು ಈ ಡಬ್ಬ ಯಾರು ಹೊರ್ತಾರೆ?" ಅಂತ ಅಮ್ಮ ಆಗಲೇ ಕೇಳಿದ್ದಳು.

ಇಷ್ಟೆಲ್ಲ ಮಾಡಿದವನು ಜುಲೈ ಮಳೆಯನ್ನೇ ಮರೆತಿದ್ದೆ. ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ. ಯುಪಿಎಸ್ ಇಪ್ಪತ್ತು ನಿಮಿಷ ಕುಂಯ್ ಅಂದು ಸುಮ್ಮನಾಯಿತು. ಕರೆಂಟ್ ಬಂದಾಗ ನಾನು ಮೈಸೂರಿನಲ್ಲಿದ್ದೆ. ದೂರದಿಂದ ಡಿಸ್ಕಿನ ಬೀಗ ತೆಗೆಯಲು ಡ್ರಾಪ್‌ಬೇರ್ ಅನ್ನೋ ಪುಟ್ಟ ತಂತ್ರಾಂಶ ಹಾಕಿಟ್ಟಿದ್ದೆ, ಅಷ್ಟು ದಡ್ಡನಲ್ಲ. ಆದರೆ ಡ್ರಾಪ್‌ಬೇರ್‌ಗೆ ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಫೈರ್‌ವಾಲ್ ಬೇಕು, ಫೈರ್‌ವಾಲ್ ಇರುವುದು ಬೀಗ ಬಿದ್ದ ಡಿಸ್ಕಿನಲ್ಲಿ. ಕೀಲಿ ಒಳಗಿಟ್ಟು ಬಾಗಿಲು ಎಳೆದುಕೊಂಡಿದ್ದೆ. ಅತ್ತ ಅಮ್ಮನಿಗೆ ಮೊಮ್ಮಗಳ ಮುಖ ನೋಡದೆ ಮೂರು ದಿನ.

ಮೊಬೈಲ್ ಸಿಗ್ನಲ್ ಬರುವುದು ಕಾಫಿ ಕಣದ ಅಂಚಿನಲ್ಲಿ ಮಾತ್ರ. ಅಲ್ಲಿ ಕೊಡೆ ಹಿಡಿದು ತೋಟದ ಲೆಕ್ಕ ನೋಡುವ ರೈಟರು ಫೋನಿನಲ್ಲಿ, ಕಿಟಕಿಯ ಒಳಗೆ ಕೀಬೋರ್ಡ್ ಮುಂದೆ ಅಮ್ಮ, ನಡುವೆ ಧೋ ಮಳೆ.

"ಮೊದಲು ದೊಡ್ಡ ಕೆ" ಅಂದೆ.

"ಅಮ್ಮಾ, ಕೆ ದೊಡ್ಡದು!"

ಒಳಗಿಂದ, "ಇಲ್ಲಿ ಎಲ್ಲಾ ಒಂದೇ ಸೈಜ್ ಇದೆಯಲ್ಲ!"

ಶಿಫ್ಟ್ ಎಲ್ಲಿದೆ ಅಂತ ಹುಡುಕಿಸಿದ್ದಾಯಿತು. "ಒತ್ತಿದೆ, ಏನೂ ಬರ್ತಿಲ್ಲ." ಬರುವುದಿಲ್ಲ. ಅಲ್ಲಿ ಟೈಪ್ ಮಾಡಿದ್ದು ಕಾಣುವುದಿಲ್ಲ, ಚುಕ್ಕಿ ಕೂಡ ಇಲ್ಲ. ಹಿಂದಿನಿಂದ ಇಣುಕುವವರಿಗೆ ಎಷ್ಟು ಅಕ್ಷರ ಅಂತಲೂ ತಿಳಿಯಬಾರದು. ಅಮ್ಮನ ಹಿಂದೆ ಇದ್ದದ್ದು ಬೆಕ್ಕು. ಏನೂ ಬರ್ತಿಲ್ಲ ಅಂತ ಅಮ್ಮ ಒಂದೊಂದು ಅಕ್ಷರವನ್ನೂ ಮೂರು ಮೂರು ಸಲ ಗಟ್ಟಿಯಾಗಿ ಒತ್ತಿದ್ದಳು ಅಂತ ಆಮೇಲೆ ಗೊತ್ತಾಯಿತು.

ಮತ್ತೆ ಮೊದಲಿಂದ. ಪಾಸ್‌ಫ್ರೇಸ್ ಇಷ್ಟೇ: ಕಾಚಂಪುಳಿ (ನಮ್ಮ ಕೊಡಗಿನ ಅಡುಗೆಯ ಹುಳಿ), ಗೀಟು, ಜಿಗಣೆ, ಇಂಗ್ಲಿಷ್ ಅಕ್ಷರದಲ್ಲಿ. "ಜಿಗಣೆಗೆ ಎನ್ ಒಂದಾ ಎರಡಾ?" ರೈಟರು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಜಗಲಿಯಲ್ಲಿ ಮಳೆಗೆ ನಿಂತಿದ್ದ ಆಳುಗಳ ಕಡೆಯಿಂದ ಒಂದು ಹುಡುಗಿಯ ದನಿ ಬಂತು: "ಒಂದೇ ಸಾರ್, ಈಗ ತಾನೇ ಹೇಳಿದ್ರಲ್ಲ!"

ಮೂರನೇ ಸಲಕ್ಕೆ ಬಿಳಿ ಅಕ್ಷರಗಳು ಓಡಿದವಂತೆ. ಜಗಲಿಯಲ್ಲಿ ಚಪ್ಪಾಳೆ ಬೇರೆ.

"ಅದರೊಳಗೆ ಅಂಥದ್ದೇನಿದೆ ಮಗ?" ಅಂತ ಅಮ್ಮ ರಾತ್ರಿ ವೀಡಿಯೋ ಕಾಲ್‌ನಲ್ಲಿ ಕೇಳಿದಳು. ನಿಜ ಹೇಳಬೇಕಂದ್ರೆ, ಬ್ಯಾಂಕಿನದ್ದು ಬಿಟ್ಟರೆ, ಅಪ್ಪನ ಮಳೆ ಪುಸ್ತಕಗಳ ಸ್ಕ್ಯಾನ್. ದಿನಾ ಬೆಳಿಗ್ಗೆ ಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ಸ್ (ಇಂಚಿನ ನೂರನೇ ಭಾಗ) ಅಂತ ಬರೆಯುತ್ತಿದ್ದರು. ಯಾವ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಬೇಗ ಬಂತು ಅಂತ ವಾದ ಎದ್ದರೆ ಪಕ್ಕದ ತೋಟದವರೇ ಒಳಗೆ ಬಂದು, ರೇಡಿಯೋ ಮೇಲಿಂದ ಪುಸ್ತಕ ತೆಗೆದು ನೋಡುತ್ತಿದ್ದರು. ಅಪ್ಪ ಹೋದ ಮೇಲೆ ಅಮ್ಮ ಬರೆಯುತ್ತಾಳೆ. ಪುಸ್ತಕ ಈಗಲೂ ರೇಡಿಯೋ ಮೇಲೆಯೇ ಇದೆ.

ಭಾನುವಾರ ಪಾಸ್‌ಫ್ರೇಸ್ ಬದಲಾಯಿಸಲೆಂದೇ ಊರಿಗೆ ಹೋದೆ. ಸುಮ್ನೆ ಪುಸ್ತಕ ತೆಗೆದು ನೋಡಿದೆ. ಶುಕ್ರವಾರದ ಸಾಲಿನಲ್ಲಿ ಅಮ್ಮನ ದುಂಡು ಅಕ್ಷರ:

"4 ಇಂಚು 20 ಸೆಂಟ್ಸ್. ಕಾಚಂಪುಳಿ ಗೀಟು ಜಿಗಣೆ. ಕೆ ದೊಡ್ಡದು. ಎನ್ ಒಂದೇ."