ಯಾರ ಮೂಗು, ಯಾರ ಹಣೆ

ಮಗು ಹುಟ್ಟಿದ ಮನೆಗೆ ಹೋದ್ರೆ ತೊಟ್ಟಿಲ ಸುತ್ತ ನಿಂತಿರೋ ಅತ್ತೆ, ದೊಡ್ಡಮ್ಮ, ಪಕ್ಕದ್ಮನೆ ಆಂಟಿ ಎಲ್ರೂ ಮಾಡೋದು ಒಂದೇ ಕೆಲಸ, ಮೂಗು ಥೇಟ್ ಅವರಪ್ಪಂದು, ಹಣೆ ಅಜ್ಜಿದು, ಕಿವಿ ಮಾತ್ರ ಯಾರ ಕಡೇದೋ ಗೊತ್ತಾಗ್ತಿಲ್ಲ ನೋಡಿ ಅಂತ. ಹನ್ನೊಂದು ದಿನದ ಕೂಸು, ಮುಖ ಇನ್ನೂ ಸುಟ್ಟ ಬದನೆಕಾಯಿ ಥರ ಇರತ್ತೆ, ಅದ್ರಲ್ಲಿ ಇವ್ರಿಗೆ ಮುಂದೆ ಡಾಕ್ಟ್ರಾಗೋ ಕಳೆ ಬೇರೆ ಕಾಣ್ಸತ್ತೆ. ನಾನು ಇದನ್ನೆಲ್ಲ ನೋಡಿ ನಗೋನು. ಎನ್‌ಬಿಎ ಡ್ರಾಫ್ಟ್, ಅಂದ್ರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನ ಟೀಮುಗಳು ಸರದಿ ಪ್ರಕಾರ ಹೊಸ ಹುಡುಗ್ರನ್ನ ಆರಿಸ್ಕೊಳ್ಳೋ ಕಾರ್ಯಕ್ರಮ, ಅದರ ಹುಚ್ಚು ಹಿಡಿದ ಮೇಲೆ ನಗೋಕೆ ಮುಖ ಇಲ್ಲ.

ಹುಚ್ಚು ಅಂದ್ರೆ ಎಷ್ಟು ಅಂದ್ರೆ, ಜೂನ್ ತಿಂಗಳ ಕೊನೇಲಿ ನ್ಯೂಯಾರ್ಕ್‌ನಲ್ಲಿ ರಾತ್ರಿ 8ಕ್ಕೆ ಅದು ಶುರುವಾದ್ರೆ ನಮಗೆ ಮಾರನೇ ದಿನ ಬೆಳಗ್ಗೆ 5:30, ಹಾಲಿನವ್ನು ಇನ್ನೂ ಬಂದಿರಲ್ಲ, ನಾನು ಲೈಟ್ ಹಾಕ್ದೆ ಹಾಲ್‌ನಲ್ಲಿ ಫೋನ್ ಹಿಡ್ಕೊಂಡು ಕೂತಿರ್ತೀನಿ. ಅಮ್ಮ ಡಿಕಾಕ್ಷನ್ ಹಾಕೋಕೆ ಎದ್ದು ಬಂದವ್ರು ಒಂದ್ಸಲ ಬೆಚ್ಚಿ ಬಿದ್ರು. "ಯಾರಿಗೋ ಎಲ್ಲೋ ಕೆಲಸ ಸಿಗೋದಕ್ಕೆ ನೀನ್ಯಾಕೋ ನಿದ್ದೆಗೆಡ್ತೀಯ" ಅಂದ್ರು. ಅವ್ರು ಅಂದಿದ್ದು ತಪ್ಪೇನಿಲ್ಲ, ಇದೂ ಒಂಥರಾ ಕ್ಯಾಂಪಸ್ ಪ್ಲೇಸ್‌ಮೆಂಟೇ, ಆದ್ರೆ ಇಲ್ಲಿ ಹುಡುಗ ಕಂಪನಿ ಆರಿಸ್ಕೊಳ್ಳೋ ಹಾಗಿಲ್ಲ. 30 ಟೀಮು, ಎರಡು ರೌಂಡು, ಲೆಕ್ಕಕ್ಕೆ 60 ಹೆಸರು. ಹೆಸರು ಕೂಗಿದ ತಕ್ಷಣ ಸೂಟ್ ಹಾಕಿರೋ ಏಳಡಿ ಹುಡುಗ ಎದ್ದು ಅಮ್ಮನ್ನ ತಬ್ಕೊಂಡು, ಕೊಟ್ಟ ಟೋಪಿ ಹಾಕ್ಕೊಂಡು, ಕಮಿಷನರ್ ಕೈ ಕುಲುಕ್ತಾನೆ, ಅಷ್ಟೇ, ಹೋಗು ಅಂದ ಊರಿಗೆ ಹೋಗ್ಬೇಕು. ಐಪಿಎಲ್ ಹರಾಜಿನ ಥರ ದುಡ್ಡು ಕೂಗೋದೂ ಇಲ್ಲ, ಮೊದಲ ರೌಂಡಲ್ಲಿ ಎಷ್ಟನೇ ನಂಬರಿಗೆ ಎಷ್ಟು ಸಂಬಳ ಅಂತ ಮೊದಲೇ ಒಂದು ಸ್ಕೇಲು ಇರತ್ತೆ.

"ಮತ್ತೆ ಯಾರು ಮೊದಲು ಆರಿಸ್ಕೋತಾರೆ?" ಅಮ್ಮ ಕೇಳಿದ್ರು. ಹೋದ ಸೀಸನ್ನಲ್ಲಿ ಚೆನ್ನಾಗಿ ಸೋತೋರು ಅಂದೆ, ಸೋತೋರಿಗೆ ಮೊದಲ ಪಂಕ್ತಿ. "ಹಂಗಾದ್ರೆ ಬೇಕು ಅಂತಲೇ ಸೋಲಲ್ವೇನೋ?" ನಲವತ್ತು ವರ್ಷದಿಂದ ಅಮೆರಿಕದೋರು ತಲೆ ಕೆಡಿಸ್ಕೊಂಡಿರೋ ಪ್ರಶ್ನೇನ ನಮ್ಮಮ್ಮ ಫಿಲ್ಟರಿಗೆ ಬಿಸಿನೀರು ಹಾಕ್ತಾ ಒಂದೇ ನಿಮಿಷದಲ್ಲಿ ಕೇಳ್ಬಿಟ್ರು. ಅದಕ್ಕೇ ಅಲ್ವಾ 1985ರಲ್ಲಿ ಯಾರಿಗೆ ಮೊದಲ ಸರದಿ ಅನ್ನೋದಕ್ಕೆ ಲಾಟರಿ ತಂದಿದ್ದು. ಈಗಿನದು ಹೇಗೆ ಅಂದ್ರೆ 1ರಿಂದ 14ರವರೆಗೆ ನಂಬರ್ ಬರೆದಿರೋ ಪಿಂಗ್‌ಪಾಂಗ್ ಚೆಂಡು, ಅದ್ರಲ್ಲಿ ನಾಲ್ಕು ಹೊರಗೆ ಬರತ್ತೆ, ಒಟ್ಟು 1001 ಜೋಡಣೆ ಆಗತ್ತೆ, ಒಂದನ್ನ ಬಿಟ್ಟು ಮಿಕ್ಕ 1000ನ ಪ್ಲೇಆಫ್‌ಗೆ ಹೋಗದ 14 ಟೀಮಿಗೆ ಹಂಚಿರ್ತಾರೆ, ಯಾರ ಜೋಡಣೆ ಬಂತೋ ಅವ್ರಿಗೆ ಮೊದಲ ಪಿಕ್, ಅಂದ್ರೆ ಮೊದಲು ಆರಿಸೋ ಸರದಿ. 2019ರಲ್ಲಿ ರೂಲ್ಸ್ ಬದಲಾಯಿಸಿದಾಗ ತೀರಾ ಕೆಟ್ಟದಾಗಿ ಆಡಿದ ಮೂರೂ ಟೀಮಿಗೆ ಸಮ ಮಾಡಿ ತಲಾ ನೂರಕ್ಕೆ 14 ಚಾನ್ಸ್ ಕೊಟ್ರು. ಆದ್ರೂ ಅದೃಷ್ಟ ಅನ್ನೋದು ಯಾವ ರೂಲ್ಸ್ ಕೇಳತ್ತೆ? 2025ರ ಫೆಬ್ರವರೀಲಿ ಡಲ್ಲಾಸ್‌ನೋರು ಮನೆ ದೇವ್ರಂಥ ಸ್ಟಾರ್ ಆಟಗಾರ ಲೂಕಾ ಡಾನ್ಚಿಚ್‌ನ ಲಾಸ್ ಏಂಜಲಿಸ್‌ಗೆ ಕೊಟ್ಟು ಊರವ್ರ ಹತ್ರ ಬೈಸ್ಕೊಂಡು ಕೂತಿದ್ರು, ಮೇ ತಿಂಗಳ ಲಾಟರೀಲಿ ನೂರಕ್ಕೆ 1.8 ಚಾನ್ಸ್ ಇಟ್ಕೊಂಡು ಮೊದಲ ಪಿಕ್ ಹೊಡೆದ್ರು, ಆ ವರ್ಷ ಎಲ್ರೂ ಕಣ್ಣಿಟ್ಟಿದ್ದ ಹುಡುಗ ಕೂಪರ್ ಫ್ಲ್ಯಾಗ್ ಸಿಕ್ಕಿದ. ಇದ್ರಲ್ಲೇನೋ ಮಸಲತ್ತಿದೆ ಅಂತ ಆಮೇಲೆ ಜನ ಆಡ್ಕೊಂಡಿದ್ದು ಬೇರೆ.

ಇರ್ಲಿ, ನಾನು ಹೇಳೋಕೆ ಹೊರಟಿದ್ದು ಮೂಗಿನ ವಿಷ್ಯ. ಡ್ರಾಫ್ಟ್‌ಗೆ ಆರು ತಿಂಗಳು ಮುಂಚಿಂದಾನೇ ಮಾಕ್ ಡ್ರಾಫ್ಟ್ ಅಂತ ಶುರುವಾಗತ್ತೆ, ಯಾರು ಎಷ್ಟನೇದಾಗಿ ಹೋಗ್ತಾನೆ ಅಂತ ಊಹೆ ಪಟ್ಟಿ, ಅದ್ರಲ್ಲಿ ಪ್ರತಿ ಹುಡುಗನ ಹೆಸರಿನ ಮುಂದೆ ಒಂದು ಕಾಂಪ್ ಇರ್ಲೇಬೇಕು, ಅಂದ್ರೆ ಇವ್ನು ಯಾರ ಥರ. ಕೈ ಇಂಥವ್ನದು, ಓಟ ಅಂಥವ್ನದು, ಥೇಟ್ ತೊಟ್ಟಿಲ ಪಕ್ಕದ ದೊಡ್ಡಮ್ಮಂದಿರು. ಜರ್ಮನಿಯ ನೊವಿಟ್ಸ್ಕಿನ 1998ರಲ್ಲಿ 9ನೇದಾಗಿ ಆರಿಸಿದ್ರು, ಅವ್ನು ಮಿಂಚಿದ್ದೇ ತಡ, ಯೂರೋಪಿನ ಉದ್ದ ಹುಡುಗ ಯಾರಾದ್ರೂ ದೂರದಿಂದ ಒಂದು ಚೆಂಡು ಹಾಕಿದ್ರೆ ಸಾಕು, ಅಗೋ ಮುಂದಿನ ನೊವಿಟ್ಸ್ಕಿ ಅಂತಿದ್ರು. 2003ರಲ್ಲಿ ಲೆಬ್ರಾನ್ ಆದ್ಮೇಲೆ ಎರಡನೇದಾಗಿ ಡೆಟ್ರಾಯಿಟ್‌ನೋರು ಸರ್ಬಿಯಾದ ಡಾರ್ಕೊ ಮಿಲಿಚಿಚ್‌ನ ತಗೊಂಡ್ರು, ಅವ್ನ ಹಿಂದೆ ಸಾಲಾಗಿ ಮುಂದೆ ದೊಡ್ಡ ಸ್ಟಾರ್‌ಗಳಾದ ಕಾರ್ಮೆಲೊ, ಬಾಷ್, ವೇಡ್ ನಿಂತಿದ್ರು. ಡಾರ್ಕೊ ಮಿಂಚಲೇ ಇಲ್ಲ, ಆಮೇಲೆ ಬಾಸ್ಕೆಟ್‌ಬಾಲ್ ಬಿಟ್ಟು ಊರಿಗೆ ಹೋಗಿ ಸೇಬಿನ ತೋಟ ಮಾಡ್ಕೊಂಡ, ಅದನ್ನ ಓದಿ ನನಗ್ಯಾಕೋ ಸಮಾಧಾನ ಆಯ್ತು.

ನನಗೆ ಸಿಟ್ಟು ಬರೋದು ಎಲ್ಲಿ ಅಂದ್ರೆ, ಊಹೆ ಮಾಡಿದ್ದು ದೊಡ್ಡಮ್ಮಂದಿರು, ತಪ್ಪಾದ್ರೆ ಹೆಸರು ಕೆಡೋದು ಕೂಸಿಂದು. 1984ರಲ್ಲಿ ಪೋರ್ಟ್‌ಲ್ಯಾಂಡ್‌ನೋರು ಎರಡನೇದಾಗಿ ಸ್ಯಾಮ್ ಬೋವೀನ ತಗೊಂಡು ಮೈಕಲ್ ಜೋರ್ಡನ್‌ನ ಬಿಟ್ರು ಅನ್ನೋದು ಬಾಸ್ಕೆಟ್‌ಬಾಲ್ ಗೊತ್ತಿಲ್ಲದೋರಿಗೂ ಗೊತ್ತು. ಅವ್ರ ಲೆಕ್ಕ ಏನಿತ್ತು ಅಂದ್ರೆ, ಹಿಂದಿನ ವರ್ಷ ತಾನೇ ಕ್ಲೈಡ್ ಡ್ರೆಕ್ಸ್ಲರ್‌ನ ತಗೊಂಡಿದ್ದೀವಿ, ಜೋರ್ಡನ್ ಕೂಡ ಅದೇ ಜಾಗದಲ್ಲಿ ಆಡೋನು, ಮನೇಲಿ ಮಿಕ್ಸಿ ಇರೋವಾಗ ಇನ್ನೊಂದು ಮಿಕ್ಸಿ ಯಾಕೆ, ಫ್ರಿಜ್ ತಗೊಳ್ಳೋಣ. ನಾನಿದ್ರೂ ಹಂಗೇ ಮಾಡ್ತಿದ್ನೇನೋ. ಬೋವೀಗೆ ಕಾಲೇಜಲ್ಲೇ ಕಾಲಿನ ಮೂಳೆ ಮುರಿದು ಎರಡು ಸೀಸನ್ ಹೋಗಿತ್ತು, ಅದೂ ಗೊತ್ತಿದ್ದೇ ತಗೊಂಡಿದ್ದು. ಆ ಮನುಷ್ಯ ಆ ಕಾಲಿಟ್ಕೊಂಡೇ ಎನ್‌ಬಿಎನಲ್ಲಿ 10 ಸೀಸನ್ ಆಡಿದ, ಆದ್ರೂ ಇವತ್ತಿಗೂ ಬಸ್ಟ್, ಅಂದ್ರೆ ಠುಸ್ ಆದ ಪಿಕ್, ಅಂದ್ರೆ ಅವ್ನ ಹೆಸ್ರೇ ಮೊದಲು. ಅವ್ನೇನು ಜೋರ್ಡನ್‌ಗಿಂತ ಮುಂಚೆ ನನ್ನನ್ನ ಕರೀರಿ ಅಂತ ಅರ್ಜಿ ಹಾಕಿದ್ನಾ?

ಅದೇ ಊರಿನೋರು 2007ರಲ್ಲಿ ಮತ್ತೆ ಗ್ರೆಗ್ ಓಡನ್‌ನ ಮೊದಲನೇದಾಗಿ ತಗೊಂಡು ಕೆವಿನ್ ಡುರಾಂಟ್‌ನ ಬಿಟ್ರು. ಓಡನ್ ಮಂಡಿ ಕೈಕೊಡ್ತು, ಎಲ್ಲಾ ಸೇರಿ ಅವ್ನು ಆಡಿದ್ದು 105 ಮ್ಯಾಚು. ಡುರಾಂಟ್ ಕಥೆ ಅಂದ್ರೆ ನನಗೆ ಪ್ರಾಣ. ಡ್ರಾಫ್ಟ್‌ಗೆ ಮುಂಚೆ ಹುಡುಗ್ರನ್ನೆಲ್ಲ ಸೇರಿಸಿ ಅಳತೆ ತಗೋತಾರೆ, ಕಂಬೈನ್ ಅಂತಾರೆ, ಷೂ ಬಿಚ್ಚಿಸಿ ಎತ್ತರ, ಎರಡೂ ಕೈ ಚಾಚಿದ್ರೆ ತುದಿಯಿಂದ ತುದಿಗೆ ಎಷ್ಟು ಅಂತ ವಿಂಗ್‌ಸ್ಪ್ಯಾನು, ನಿಂತಲ್ಲೇ ಎಷ್ಟು ಹಾರ್ತಾನೆ, ಅಂಗೈ ಎಷ್ಟು ಅಗಲ, ಮದುವೆ ಸೂಟು ಹೊಲಿಯೋ ಟೇಲರೂ ಇಷ್ಟು ಅಳತೆ ತಗೊಳಲ್ಲ. ಅಲ್ಲಿ 185 ಪೌಂಡ್, ಅಂದ್ರೆ ಸುಮಾರು 84 ಕೆಜಿ ಕಬ್ಬಿಣಾನ ಮಲಗಿ ಎತ್ತಬೇಕಿತ್ತು, ಡುರಾಂಟ್ ಕೈಲಿ ಒಂದ್ಸಲಾನೂ ಆಗ್ಲಿಲ್ಲ. ಅಯ್ಯೋ ಕಡ್ಡಿ ಪೈಲ್ವಾನ್ ಅಂತ ನಕ್ರಂತೆ. ಆ ಕಡ್ಡಿನ ತಡೆಯೋಕೆ ಮುಂದೆ ಹದಿನೈದು ವರ್ಷಕ್ಕೂ ಮೇಲೆ ಯಾರಿಗೂ ಸರಿಯಾಗಿ ಆಗ್ಲಿಲ್ಲ. ಇನ್ನು 2013ರಲ್ಲಿ 15ನೇದಾಗಿ ಹೋಗಿ ಆಮೇಲೆ ದೊಡ್ಡ ಸ್ಟಾರ್ ಆದ ಯಾನಿಸ್, ಗ್ರೀಸ್‌ನ ಎರಡನೇ ದರ್ಜೆ ಲೀಗಲ್ಲಿ ಆಡ್ತಿದ್ದ ಹುಡುಗ, ಅವ್ನು ಡ್ರಾಫ್ಟ್ ಆದ್ಮೇಲೂ ಬೆಳೀತಾನೇ ಇದ್ದ, ತಗೊಂಡ ಅಳತೆ ಬಟ್ಟೆ ಹೊಲಿಯೋಷ್ಟರಲ್ಲೇ ಗಿಡ್ಡ ಆಯ್ತು.

ನನ್ನ ಹತ್ರಾನೂ ಒಂದು ಡೈರಿ ಇದೆ, ಯಾವುದೋ ಬ್ಯಾಂಕ್‌ನೋರು ಹೊಸ ವರ್ಷಕ್ಕೆ ಕೊಟ್ಟಿದ್ದು, ಅದ್ರಲ್ಲಿ ಪ್ರತಿ ವರ್ಷ ನನ್ನ ಊಹೆ ಬರೀತೀನಿ. ಯಾರಿಗೂ ತೋರ್ಸಲ್ಲ, ಕಾರಣ ಇದೆ. 2014ರ ಪುಟದಲ್ಲಿ ಜಬಾರಿ ಪಾರ್ಕರ್ ಹೆಸರಿಗೆ ಎರಡು ಸಲ ಗೆರೆ ಎಳೆದು ಪಕ್ಕಾ ಅಂತ ಬರೆದಿದೀನಿ, ನಿಕೋಲಾ ಯೋಕಿಚ್ ಅನ್ನೋ ಹೆಸ್ರೇ ಆ ಪುಟದಲ್ಲಿಲ್ಲ. ಬರೀ ನಂದೇ ತಪ್ಪಲ್ಲ ಬಿಡಿ, ಆವತ್ತು 41ನೇ ನಂಬರಿಗೆ ಅವ್ನ ಹೆಸರು ಬಂದಾಗ ಅಮೆರಿಕದ ಟೀವೀಲಿ ಟ್ಯಾಕೊ ಬೆಲ್ ಜಾಹೀರಾತು ಓಡ್ತಿತ್ತು, ಹೆಸರು ಕೆಳಗಡೆ ಪಟ್ಟೀಲಿ ಬಂದು ಹೋಯ್ತು, ಆ ಪುಣ್ಯಾತ್ಮ ಮನೇಲಿ ಮಲಗಿ ನಿದ್ದೆ ಹೊಡೀತಿದ್ದ. ಮುಂದೆ ಮೂರು ಸಲ ಎಂವಿಪಿ, ಅಂದ್ರೆ ಇಡೀ ಸೀಸನ್ನಿನ ಅತ್ಯುತ್ತಮ ಆಟಗಾರ ಆದ. 2018ರ ಪುಟದಲ್ಲಿ ಡಾನ್ಚಿಚ್ ಎದುರು ನಾನು ಬರೆದಿರೋದು "ಓಡಲ್ಲ, ಹಾರಲ್ಲ, ಮೈ ಬೇರೆ" ಅಂತ. ಅದನ್ನ ಅಳಿಸೋಣ ಅಂತ ಎಷ್ಟೋ ಸಲ ರಬ್ಬರ್ ತಗೊಂಡಿದ್ದೀನಿ, ಬಾಲ್‌ಪೆನ್ನು.

2015ರ ಪುಟ ಮಾತ್ರ ತಿರುವಿ ಹಾಕೋಕೂ ಸಂಕಟ. ಪಂಜಾಬಿನ ಬಲ್ಲೋ ಕೆ ಅನ್ನೋ ಹಳ್ಳಿಯ ಸತ್ನಾಮ್ ಸಿಂಗ್, 7 ಅಡಿ 2 ಇಂಚು, ಅವತ್ತು ನಾನು ಕೊನೇವರೆಗೂ ಕೂತಿದ್ದೆ, 52ನೇದಾಗಿ ಡಲ್ಲಾಸ್‌ನೋರು ಅವ್ನ ಹೆಸರು ಕೂಗಿದ್ರು, ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆ ಆದ ಮೊದಲ ಭಾರತೀಯ. ನಾನು ಕೂಗಿದ ಕೂಗಿಗೆ ಅಮ್ಮ ಒಗ್ಗರಣೆ ಬಿಟ್ಟು ಓಡಿ ಬಂದ್ರು, ಸಾಸಿವೆ ಸೀದೋಯ್ತು. ಎನ್‌ಬಿಎನಲ್ಲಿ ಮಿಂಚಿದ ಚೀನಾದ ಏಳಡಿ ದಾಟಿದ ಆಟಗಾರ ಇದ್ನಲ್ಲ, ಹಂಗೆ ಇವ್ನು ನಮ್ಮ ಯಾವೋ ಮಿಂಗ್ ಅಂತ ಬರ್ಕೊಂಡೆ. ಸತ್ನಾಮ್ ಎನ್‌ಬಿಎನಲ್ಲಿ ಒಂದು ಮ್ಯಾಚೂ ಆಡ್ಲಿಲ್ಲ, ಆಮೇಲೆ ಕುಸ್ತಿ ಶೋಗಳಿಗೆ ಹೋದ. ಏಳಡಿ ಇರೋ ಹುಡುಗ ಕಂಡ ತಕ್ಷಣ ಇನ್ಯಾರದ್ದೋ ಮೂಗು ಅಂಟಿಸಿದೋನು ನಾನೇ.

ಇಷ್ಟಾದ್ರೂ 2026ರ ಪುಟ ತೆಗೆದಿದ್ದೀನಿ. ಪಟ್ಟಿ ಮೇಲ್ಗಡೆ ಓಡಾಡ್ತಿರೋ ಮೂರು ಹೆಸರು ಡಿಬಾಂಟ್ಸಾ, ಪೀಟರ್ಸನ್, ಕ್ಯಾಮರಾನ್ ಬೂಸರ್. ಈ ಬೂಸರ್ ವಿಷ್ಯದಲ್ಲಿ ತಮಾಷೆ ಇದೆ, ಅವರಪ್ಪ ಕಾರ್ಲೋಸ್ ಬೂಸರ್ ಕೂಡ ಎನ್‌ಬಿಎ ಆಟಗಾರನೇ, ಅಂದ್ರೆ ಇಲ್ಲಿ ಕಾಂಪ್ ಹುಡ್ಕೋ ಕಷ್ಟಾನೇ ಇಲ್ಲ, ಮೂಗು ಅಪ್ಪಂದೇ. ಆದ್ರೆ ಆ ಅಪ್ಪನ್ನ 2002ರಲ್ಲಿ ಯಾರೂ ಮೊದಲ ರೌಂಡಲ್ಲಿ ಮೂಸಿ ನೋಡಿರ್ಲಿಲ್ಲ, ಎರಡನೇ ರೌಂಡಲ್ಲಿ ಸಿಕ್ಕಿ, ಆಮೇಲೆ ಎರಡು ಸಲ ಆಲ್‌ಸ್ಟಾರ್, ಅಂದ್ರೆ ಲೀಗಿನ ಆಯ್ದ ಸ್ಟಾರ್‌ಗಳ ಪಂದ್ಯಕ್ಕೆ ಆಯ್ಕೆ ಆಗಿದ್ದು. ಅವತ್ತು ಯಾವ ಮೂಗು ನೋಡಿ ಬೇಡ ಅಂದ್ರೋ, ಇವತ್ತು ಅದೇ ಮೂಗು ಅಂತ ಮಗನ್ನ ಮೇಲಿಟ್ಟಿದ್ದಾರೆ.

ಈ ಸಲ ಪೆನ್ಸಿಲ್‌ನಲ್ಲೇ ಬರೀತಿದ್ದೆ. ಅಮ್ಮ ಕಾಫಿ ತಂದು ಪಕ್ಕದಲ್ಲಿ ಕೂತ್ರು, ಸುಮ್ನೆ ಅಪ್ಪ ಮಗ ಇಬ್ರ ಫೋಟೋನೂ ಫೋನಲ್ಲಿ ತೋರಿಸ್ದೆ. ಕನ್ನಡಕ ಹಾಕ್ಕೊಂಡು, ಎರಡು ಬೆರಳಲ್ಲಿ ದೊಡ್ಡದು ಮಾಡಿ, ಒಂದು ನಿಮಿಷ ಅದನ್ನೇ ನೋಡಿದ್ರು.

"ಹಣೆ ಅಪ್ಪಂದೇ. ಮೂಗು ತಾಯಿ ಕಡೇದು ಕಣೋ" ಅಂದ್ರು.