ಹೆರಿಟೇಜಾ? ಯಾವಾಗ ಬೀಳತ್ತೆ?

ಅಕ್ಕನ ಮಗ ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡಿದ್ದಾನೆ. ಶೆವರ್ಲೆ ಎಚ್‌ಎಚ್‌ಆರ್. ಸರಸ್ವತಿಪುರಂ ಮನೆಯಲ್ಲಿ ಕೂತು ಫೋಟೊ ನೋಡಿದ ಅಕ್ಕನಿಗೆ ಗಾಬರಿ. "ಅಷ್ಟು ದೂರ ಹೋಗಿ ತಾತನ ಕಾಲದ ವ್ಯಾನ್ ತಗೊಂಡಿದ್ದಾನಲ್ಲೋ! ಸಂಬಳ ಸರಿಯಾಗಿ ಬರ್ತಿದ್ಯಾ ಕೇಳು."

ಹಳೇದಲ್ಲ ಅಕ್ಕ, ಹಳೇದರ ಥರ ಕಾಣೋದು ಅಂದೆ. 1949ರ ಸಬರ್ಬನ್ ವ್ಯಾನಿನ ಮುಖ ನೋಡಿಕೊಂಡು 2005ರಲ್ಲಿ ಮಾಡಿದ್ದು. ಊದಿದ ಮಡ್‌ಗಾರ್ಡು, ಗುಂಡು ದೀಪ. ಹೆಸರಿನ ಅರ್ಥವೇ ಹೆರಿಟೇಜ್ ಹೈ ರೂಫ್.

"ಹೆರಿಟೇಜಾ? ಯಾವಾಗ ಬೀಳತ್ತೆ?"

ಮೈಸೂರಿನವಳು ಅಲ್ವಾ.

ದಿನಾ ಓಡಿಸೋಕೆ ಹೇಗಿದೆ ಅಂತ ಹುಡುಗನನ್ನೇ ಕೇಳಿದೆ. ಹಿಂದಿನ ಸೀಟು, ಪಕ್ಕದ ಸೀಟು ಎರಡೂ ಮಡಚಿದರೆ ಏಣಿಯನ್ನೇ ಮಲಗಿಸಬಹುದಂತೆ. ಸಂತೋಷ. ಆದರೆ ಹಳೇ ಕಾಲದ ಚೆಲುವಿಗೆ ಅಂತ ಕಿಟಕಿ ಸಣ್ಣದು, ಹಿಂದಿನ ಕಂಬ ದಪ್ಪ. ಶಿವರಾಂಪೇಟೆಯಲ್ಲಿ ಇದನ್ನು ರಿವರ್ಸ್ ತೆಗೆದರೆ ಹಿಂದೆ ಯಾರಿದ್ದರು ಅನ್ನೋದು ಗೊತ್ತಾಗುವುದು ಬೈಗುಳ ಕೇಳಿದ ಮೇಲೆಯೇ.

ಇನ್ನು ಕೀ ಕಥೆ. 2014ರಲ್ಲಿ ಕಂಪನಿ ಈ ಕಾರುಗಳನ್ನೂ ವಾಪಸ್ ಕರೆಯಿತು. ಕೀ ಗೊಂಚಲು ಭಾರವಿದ್ದರೆ, ಗಾಡಿ ಜೋರಾಗಿ ಕುಲುಕಿದರೆ, ಕೀ ಹಾಕಿ ತಿರುಗಿಸುವ ಸ್ವಿಚ್ ತಾನಾಗೇ ಜಾರಿ ಎಂಜಿನ್ ನಿಲ್ಲಬಹುದು, ಏರ್‌ಬ್ಯಾಗ್ ಕೈಕೊಡಬಹುದು. ರಿಪೇರಿ ಆಗುವ ತನಕ ಕೀ ಒಂದನ್ನೇ ಹಾಕಿ, ಜೊತೆಗೆ ಬೇರೇನೂ ಬೇಡ ಅಂದರು. ಇದನ್ನು ಅಕ್ಕನಿಗೆ ಹೇಳಿ ನೋಡಿ! ಅವಳ ಗೊಂಚಲಲ್ಲಿ ಮುಂಬಾಗಿಲು, ಗೇಟು, ಬೀರು, ಸಂಪು, ಎಂದೋ ಮಾರಿದ ಸ್ಕೂಟರು, ಯಾವ ಬೀಗದ್ದೋ ಯಾರಿಗೂ ಗೊತ್ತಿಲ್ಲದ ಎರಡು ಕೀ, ಮೇಲೊಂದು ಹಿತ್ತಾಳೆ ಚಾಮುಂಡಿ. ಸೊಂಟಕ್ಕೆ ಸಿಕ್ಕಿಸಿದರೆ ಸೀರೆಯೇ ಜಗ್ಗುತ್ತದೆ. ಎಸೆಯೋಣ ಅಂದರೆ "ಇರ್ಲಿ ಬಿಡೋ, ಯಾವತ್ತಾದ್ರೂ ಬೇಕಾಗತ್ತೆ" ಅನ್ನುತ್ತಾಳೆ. ನಮ್ಮ ರಸ್ತೆಗೆ ಆ ಕಾರು, ಆ ಗೊಂಚಲು ಎರಡೂ ಬಂದಿದ್ದರೆ ಪ್ರತಿ ರೋಡ್ ಹಂಪ್‌ಗೂ ಒಂದು ಸ್ಟಾಪು. ಪುಣ್ಯಕ್ಕೆ ಹುಡುಗನ ಕಾರಿಗೆ ಸ್ವಿಚ್ ಬದಲಾಗಿದೆ.

ನಗು ಇಲ್ಲಿಗೇ ನಿಂತುಹೋಗುತ್ತದೆ. ಅದೇ ಸ್ವಿಚ್ಚಿನ ಬೇರೆ ಕಾರುಗಳೂ ಸೇರಿ 124 ಸಾವಿಗೆ ಪರಿಹಾರ ಕೊಟ್ಟರು. ಸ್ವಿಚ್ ಸರಿಯಿಲ್ಲ ಅಂತ ಕಂಪನಿಯೊಳಗೆ ಹತ್ತು ವರ್ಷದಿಂದ ಗೊತ್ತಿತ್ತು. ಮುಖಕ್ಕೆ ಹಳೇ ಕಳೆ ತರೋಕೆ ಅಷ್ಟು ತಲೆ ಓಡಿಸಿದವರಿಗೆ ಒಂದು ಸ್ವಿಚ್ ಕಾಣಲಿಲ್ಲ.

ನಾವೇನು ಕಡಿಮೆ? ನಮ್ಮ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ನೆನಪಿದೆಯಲ್ಲ. ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡ ಜಾಗ. ಆ ಕಟ್ಟಡ ಹಳೇದು, ದುರ್ಬಲ ಅಂತ ಊರಿಗೆಲ್ಲ ಗೊತ್ತಿತ್ತು. 2012ರ ಆಗಸ್ಟ್‌ನಲ್ಲಿ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಮೇಲೆ ಶುರುವಾಯಿತು ಘನವಾದ ಚರ್ಚೆ: ರಿಪೇರಿ ಮಾಡೋದಾ, ಕೆಡವಿ ಅದೇ ಶೈಲಿಯಲ್ಲಿ ಹೊಸದಾಗಿ ಕಟ್ಟೋದಾ? ಸಮಿತಿ, ವರದಿ, ಕೋರ್ಟು. ಅದೇ ಕಮಾನು, ಅದೇ ಬಣ್ಣ ಇರುತ್ತಂತೆ. ಥೂ. ಇದ್ದಾಗ ಗೋಡೆಯಲ್ಲಿ ಹುಟ್ಟಿದ ಅರಳಿ ಗಿಡ ಕೀಳೋಕೆ ಒಬ್ಬ ಆಳು ಸಿಗಲಿಲ್ಲ.

ಅಕ್ಕ ಮಾತ್ರ ಮಗನಿಗೆ ಹಿತ್ತಾಳೆ ಚಾಮುಂಡಿಯ ಕೀ ಚೈನ್ ಪಾರ್ಸೆಲ್ ಮಾಡಿದ್ದಾಳೆ. ತೂಕ ಎಷ್ಟು ಅಂತ ನಾನು ಕೇಳಲಿಲ್ಲ.