ಸಣ್ಣ ದುಡ್ಡು ಓಡಲಿ, ದೊಡ್ಡ ದುಡ್ಡು ನಡೆಯಲಿ

ಜರ್ಮನಿ ಅಂದ ಕೂಡಲೇ ನಮ್ಮ ಊರಿನವರಿಗೆ ನೆನಪಾಗುವುದು ಕಾರು, ಯಂತ್ರ, ಹೇಳಿದ ಹೊತ್ತಿಗೆ ಬರುವ ರೈಲು. (ರೈಲಿನ ಮಾತು ಈಗ ಬೇಡ, ನನ್ನ ಹಾಗೆ ಜರ್ಮನಿಯಲ್ಲಿರುವವರಿಗೆ ಗೊತ್ತು.) ಇಂಥ ದೇಶದಲ್ಲಿ ದುಡ್ಡೆಲ್ಲ ಮೊಬೈಲಿನಲ್ಲೇ ಓಡಾಡುತ್ತಿರಬೇಕು ಅಂತ ಅವರ ಲೆಕ್ಕ. "ಇಲ್ಲ, ನನ್ನ ಜೇಬಿನಲ್ಲಿ ಯಾವಾಗಲೂ ಚಿಲ್ಲರೆ ಇರಲೇಬೇಕು" ಅಂದರೆ ತಮಾಷೆ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ.

ಜರ್ಮನಿಯ ಕೇಂದ್ರ ಬ್ಯಾಂಕ್ ಬುಂಡೆಸ್‌ಬ್ಯಾಂಕ್ ಆಗಾಗ ಒಂದು ಸಮೀಕ್ಷೆ ಮಾಡುತ್ತದೆ. 2023ರಲ್ಲಿ ಜನ ಮಾಡಿದ ಪ್ರತಿ 100 ಪಾವತಿಗಳಲ್ಲಿ 51 ನಗದಿನಲ್ಲೇ ಆಗಿದ್ದವು. 2017ರಲ್ಲಿ ಇದು 74 ಇತ್ತು. ಅಂದರೆ ಕಡಿಮೆಯಾಗುತ್ತಿದೆ, ಆದರೆ ಅವಸರವಿಲ್ಲ. ನಾನಿರುವುದು ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಬೇಕರಿಯ ಗಾಜಿನ ಮೇಲೆ 'ನಗದು ಮಾತ್ರ' ಅಂತ ಚೀಟಿ ಅಂಟಿಸಿರುತ್ತಾರೆ. ವಾರದ ಸಂತೆಯಲ್ಲೂ ಬಹುಪಾಲು ಅದೇ ಕಥೆ. ಕಾರ್ಡ್ ತೆಗೆದುಕೊಳ್ಳುತ್ತೇವೆ ಅನ್ನುವ ಕೆಲವು ಅಂಗಡಿಗಳಲ್ಲೂ ಇಲ್ಲಿನ ಬ್ಯಾಂಕುಗಳ ಡೆಬಿಟ್ ಕಾರ್ಡ್ ಆದ ಜಿರೊಕಾರ್ಡ್ ಮಾತ್ರ ನಡೆಯುತ್ತದೆ, ಕ್ರೆಡಿಟ್ ಕಾರ್ಡ್ ತೋರಿಸಿದರೆ ತಲೆ ಅಲ್ಲಾಡಿಸುತ್ತಾರೆ. ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿ ಮುಂದಿರುವ ಅಜ್ಜಿ ಪರ್ಸು ಬಿಚ್ಚಿ ಒಂದೊಂದೇ ಸೆಂಟ್ ಎಣಿಸಿ ಕೊಡುತ್ತಾರೆ. ಹಿಂದೆ ನಿಂತವರು ಯಾರೂ ಗೊಣಗುವುದಿಲ್ಲ. ನಾಳೆ ತಾವೂ ಹಾಗೇ ಎಣಿಸುವವರಲ್ವಾ.

ಬ್ಯಾಂಕಿನ ಕೆಲಸವೂ ಹಾಗೇ. ಖಾತೆ ತೆರೆದರೆ ಕಾರ್ಡ್ ಒಂದು ಲಕೋಟೆಯಲ್ಲಿ ಬರುತ್ತದೆ, ಪಿನ್ ಇನ್ನೊಂದು ದಿನ ಇನ್ನೊಂದು ಲಕೋಟೆಯಲ್ಲಿ. ಆನ್‌ಲೈನ್ ವರ್ಗಾವಣೆಗೆ ಕಾಗದದ ಮೇಲೆ ಮುದ್ರಿಸಿದ ನಂಬರುಗಳ ಪಟ್ಟಿ ಕೊಡುತ್ತಿದ್ದರು. ಒಂದೊಂದು ಪಾವತಿಗೆ ಒಂದೊಂದು ನಂಬರ್, ಬಳಸಿದ ಮೇಲೆ ಪೆನ್ನಿನಿಂದ ಹೊಡೆದು ಹಾಕಬೇಕು. ಯುರೋಪಿನ ಹೊಸ ನಿಯಮ ಬಂದು 2019ರ ಸೆಪ್ಟೆಂಬರಿನಲ್ಲಿ ಅದು ನಿಂತಿತು. ಅಷ್ಟು ಹೊತ್ತಿಗೆ ನಮ್ಮಲ್ಲಿ ಹೂ ಮಾರುವವರ ಬುಟ್ಟಿಗೂ ಕ್ಯೂಆರ್ ಕೋಡ್ ಬಂದಿತ್ತು.

ಮೊದಮೊದಲು ಇದನ್ನೆಲ್ಲ ನೋಡಿ ನಗು ಬರುತ್ತಿತ್ತು. ಈಗ ಪೂರ್ತಿ ನಗು ಬರುವುದಿಲ್ಲ.

ಇವರು ನಗದು ಬಿಡದೆ ಇರಲು ಒಂದು ಕಾರಣವನ್ನು ನನ್ನ ಪಕ್ಕದ ಮನೆಯವರು ಸರಳವಾಗಿ ಹೇಳಿದರು: ನಾನು ಏನು ತಿಂದೆ, ಎಲ್ಲಿ ಕುಡಿದೆ ಅಂತ ಬ್ಯಾಂಕಿಗೆ ಯಾಕೆ ಗೊತ್ತಾಗಬೇಕು? ನಾಜಿಗಳ ಕಾಲ, ಆಮೇಲೆ ಪೂರ್ವ ಜರ್ಮನಿಯ ಸ್ಟಾಸಿ ಅನ್ನುವ ಗುಪ್ತ ಪೊಲೀಸರ ಕಾಲ ಎರಡನ್ನೂ ಕಂಡ ದೇಶ ಇದು. ಯಾರೋ ನಮ್ಮ ಲೆಕ್ಕ ಬರೆದಿಡುತ್ತಿದ್ದಾರೆ ಅಂದರೆ ಇವರಿಗೆ ಮೈ ಉರಿಯುತ್ತದೆ. ಇನ್ನೊಂದು ಕಾರಣ ನಂಬಿಕೆ. ಇಲ್ಲಿನ ಹಳೆಯ ಮಾರ್ಕ್ ನೋಟು ಅಟ್ಟದ ಮೇಲೆ ಸಿಕ್ಕಿತು ಅನ್ನಿ, ಇವತ್ತೂ ಬುಂಡೆಸ್‌ಬ್ಯಾಂಕಿಗೆ ತೆಗೆದುಕೊಂಡು ಹೋದರೆ ಯೂರೋ ಕೊಡುತ್ತಾರೆ. ಅದಕ್ಕೆ ಕೊನೆಯ ದಿನಾಂಕವೇ ಇಲ್ಲ. ನಮ್ಮಲ್ಲಿ 2016ರ ನವೆಂಬರ್ 8ರ ರಾತ್ರಿ 500 ಮತ್ತು 1000ದ ನೋಟು ಏನಾಯಿತು ಅಂತ ಇವರಿಗೆ ವಿವರಿಸಿದರೆ, ಇನ್ನೊಂದು ಸಲ ಕೇಳುತ್ತಾರೆ, ಸರಿಯಾಗಿ ಅರ್ಥವಾಯಿತಾ ಅಂತ ಖಾತ್ರಿ ಮಾಡಿಕೊಳ್ಳಲು.

ಹಾಗಂತ ಜರ್ಮನಿಯ ರೀತಿಯೇ ಸರಿ ಅಂತ ನಾನು ಹೇಳುತ್ತಿಲ್ಲ. ಒಂದು ಬನ್ನಿಗಾಗಿ ಎಟಿಎಂ ಹುಡುಕಿಕೊಂಡು ಮಳೆಯಲ್ಲಿ ನಡೆದವನಿಗೆ ಯುಪಿಐ ಬೆಲೆ ಗೊತ್ತು. 2016ರಲ್ಲಿ ಶುರುವಾದ ಇದು ಮಾಡಿದ ಕೆಲಸ ಸಣ್ಣದಲ್ಲ. ಯಾವ ಬ್ಯಾಂಕಿನಿಂದ ಯಾವ ಬ್ಯಾಂಕಿಗಾದರೂ ಕಳಿಸಬಹುದು. ಯಾವ ಆ್ಯಪ್ ಅನ್ನುವುದು ಮುಖ್ಯವಲ್ಲ. 2020ರ ಜನವರಿಯಿಂದ ಖಾತೆಯಿಂದ ನೇರ ಮಾಡುವ ಯುಪಿಐ ಪಾವತಿಗೆ ಅಂಗಡಿಯವರ ಹತ್ತಿರ ಕಮಿಷನ್ ಹಿಡಿಯುವ ಹಾಗಿಲ್ಲ. ಇಲ್ಲಿನ ಬೇಕರಿಯವರು ಕಾರ್ಡ್ ಬೇಡ ಅನ್ನುವುದಕ್ಕೆ ದೊಡ್ಡ ಕಾರಣ ಆ ಕಮಿಷನ್ನೇ. ಚಿಲ್ಲರೆ ಇಲ್ಲ ಅಂತ ಚಾಕೊಲೇಟ್ ಕೊಡುವ ಕಾಲ ನಮ್ಮಲ್ಲಿ ಮುಗಿಯಿತು. ಸಣ್ಣ ದುಡ್ಡಿನ ವಿಷಯದಲ್ಲಿ ಭಾರತ ಗೆದ್ದಿದೆ, ಅದರಲ್ಲಿ ಎರಡು ಮಾತಿಲ್ಲ.

ಆ ಗೆಲುವಿನಲ್ಲಿ ನಮ್ಮಂಥವರಿಗೆ ಪಾಲು ಕಡಿಮೆ ಅನ್ನುವುದು ಬೇರೆ ಮಾತು. ಹೊರದೇಶಕ್ಕೆ ಬಂದು ನೆಲೆಸಿದ ಮೇಲೆ ಹಳೆಯ ಸೇವಿಂಗ್ಸ್ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ, ಅದನ್ನು ಹೊರದೇಶದಲ್ಲಿರುವ ಭಾರತೀಯರ ಖಾತೆ, ಅಂದರೆ ಎನ್‌ಆರ್‌ಒ ಮಾಡಿಸಬೇಕು. ಇಲ್ಲಿಂದ ಕಳಿಸುವ ದುಡ್ಡಿಗೆ ಎನ್‌ಆರ್‌ಇ ಖಾತೆ. 2023ರಲ್ಲಿ ಹೊರದೇಶದ ಮೊಬೈಲ್ ನಂಬರಿನಿಂದಲೂ ಯುಪಿಐ ಬಳಸಬಹುದು ಅಂದರು. ಮೊದಲ ಪಟ್ಟಿಯಲ್ಲಿದ್ದ 10 ದೇಶಗಳಲ್ಲಿ ಜರ್ಮನಿ ಇರಲಿಲ್ಲ. ಹಾಗಾಗಿ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಎಲ್ಲರಿಗಿಂತ ಬಡವ ನಾನೇ. ಎಳನೀರಿನವನಿಗೆ ನೋಟು ಚಾಚಿದರೆ "ಚೇಂಜ್ ಇಲ್ಲ ಸಾರ್, ಸ್ಕ್ಯಾನ್ ಮಾಡಿ" ಅನ್ನುತ್ತಾನೆ. ಅಣ್ಣನ ಮಗಳು ಫೋನ್ ತೆಗೆದು "ಇರಲಿ ಬಿಡಿ ಚಿಕ್ಕಪ್ಪ" ಅಂತ ಕೊಡುತ್ತಾಳೆ. ಅವಳು ಕಾಲೇಜು ಹುಡುಗಿ!

ನನ್ನ ತಕರಾರು ಇರುವುದು ದೊಡ್ಡ ದುಡ್ಡಿನ ಬಗ್ಗೆ.

ಒಂದು ಎಳನೀರಿಗೆ ಯಾವ ವೇಗ ಬೇಕೋ ಅದೇ ವೇಗವನ್ನು ನಾವು ಜೀವಮಾನದ ಉಳಿತಾಯಕ್ಕೂ ಕೊಟ್ಟುಬಿಟ್ಟಿದ್ದೇವೆ. ಯುಪಿಐಗೆ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷದ ಮಿತಿ ಇದೆ, ಸರಿ. ಆದರೆ ಐಎಂಪಿಎಸ್ ಅನ್ನುವ ಬ್ಯಾಂಕ್ ವರ್ಗಾವಣೆಯಲ್ಲಿ 5 ಲಕ್ಷದವರೆಗೆ ಕ್ಷಣದಲ್ಲಿ ಹೋಗುತ್ತದೆ. 2 ಲಕ್ಷ ಮತ್ತು ಅದಕ್ಕಿಂತ ಜಾಸ್ತಿಗೆ ಇರುವ ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ಹಗಲು ರಾತ್ರಿ ನಡೆಯುತ್ತದೆ. ಮಧ್ಯರಾತ್ರಿ ಎರಡು ಗಂಟೆಗೆ ಒಬ್ಬ ನಿವೃತ್ತ ಮೇಷ್ಟ್ರು ತನ್ನ ಗ್ರಾಚ್ಯುಟಿ ದುಡ್ಡನ್ನು ಗುರುತಿಲ್ಲದ ಖಾತೆಗೆ ಕಳಿಸುವ ತುರ್ತು ಏನಿರುತ್ತದೆ? ಇದ್ದರೆ ಒಂದೇ ತುರ್ತು. ಆ ಕಡೆ ವಿಡಿಯೋ ಕಾಲಿನಲ್ಲಿ ಪೊಲೀಸ್ ಬಟ್ಟೆ ಹಾಕಿಕೊಂಡವನು ಕೂತಿದ್ದಾನೆ. 'ಡಿಜಿಟಲ್ ಅರೆಸ್ಟ್' ಅನ್ನುವ ಆ ಮೋಸದ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ ಓದಿ ಓದಿ ಸಾಕಾಗಿದೆ. ಹಾಗೆ ಹೋದ ದುಡ್ಡು ಹತ್ತಾರು ಬಾಡಿಗೆ ಖಾತೆಗಳಿಗೆ ಹಂಚಿಹೋಗುತ್ತದೆ. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಬೇಗ ಫೋನ್ ಮಾಡಿದರೆ ಸ್ವಲ್ಪ ತಡೆದಾರು, ತಡವಾದರೆ ಕಷ್ಟ. ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ ತಪ್ಪು ಬ್ಯಾಂಕಿನದೂ ಗ್ರಾಹಕನದೂ ಅಲ್ಲದೆ ಬೇರೆಲ್ಲೋ ಆಗಿದ್ದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ಆದರೆ ಒಟಿಪಿ ಕೊಟ್ಟವರು ನೀವೇ ಆಗಿದ್ದರೆ, ದೂರು ಕೊಡುವವರೆಗಿನ ನಷ್ಟ ನಿಮ್ಮದೇ. ಹೆದರಿಸಿ ಕೊಡಿಸಿದರೂ ಕೊಟ್ಟದ್ದು ಕೊಟ್ಟಂತೆಯೇ.

ಜರ್ಮನಿಯಲ್ಲಿ ನನಗೆ ಇಷ್ಟವಾದ ಒಂದು ವ್ಯವಸ್ಥೆ ಇದೆ. ಕರೆಂಟು, ಬಾಡಿಗೆ, ಫೋನು, ಜಿಮ್ ಇವೆಲ್ಲವನ್ನೂ ಆಯಾ ಕಂಪನಿಯೇ ನಮ್ಮ ಖಾತೆಯಿಂದ ಎಳೆದುಕೊಳ್ಳಲು ಒಪ್ಪಿಗೆ ಕೊಟ್ಟಿರುತ್ತೇವೆ. ಹಾಗೆ ಎಳೆದ ದುಡ್ಡನ್ನು ಎಂಟು ವಾರದೊಳಗೆ ವಾಪಸ್ ಕೇಳಬಹುದು. ಕಾರಣ ಹೇಳಬೇಕಾಗಿಲ್ಲ, ಬ್ಯಾಂಕ್ ವಾಪಸ್ ಹಾಕುತ್ತದೆ. ಆಮೇಲೆ ಜಗಳ ಇದ್ದರೆ ಅದು ನನ್ನ ಮತ್ತು ಕಂಪನಿಯ ನಡುವೆ. ದುಡ್ಡು ಮಾತ್ರ ನನ್ನ ಕೈಯಲ್ಲಿ. ನಾವಾಗಿ ಕಳಿಸಿದ ದುಡ್ಡಿಗೆ ಈ ಹಕ್ಕು ಇಲ್ಲ, ಅದನ್ನೂ ಹೇಳಬೇಕು. ಅದಕ್ಕೆ ಮೊದಲು ಬೇರೆ ಒಂದು ಕಾವಲಿತ್ತು: ಸೋಮಾರಿತನ. ವರ್ಗಾವಣೆ ಮುಟ್ಟಲು ಒಂದು ದಿನ ಬೇಕಿತ್ತು. ವಾರದ ಕೊನೆ ಬಂದರೆ ಇನ್ನೂ ತಡ. ಈಗ ಯುರೋಪಿಗೂ ವೇಗದ ಆಸೆ ಬಂದಿದೆ. 2025ರ ಅಕ್ಟೋಬರಿನಿಂದ ಯೂರೋ ದೇಶಗಳ ಬ್ಯಾಂಕುಗಳು ಹತ್ತು ಸೆಕೆಂಡಿನಲ್ಲಿ ದುಡ್ಡು ಮುಟ್ಟಿಸುವ ಸೌಲಭ್ಯ ಕೊಡಲೇಬೇಕು, ಅದಕ್ಕೆ ಜಾಸ್ತಿ ಶುಲ್ಕ ಹಾಕುವಂತಿಲ್ಲ. ಜೊತೆಗೆ ಖಾತೆ ನಂಬರಿಗೂ ಹೆಸರಿಗೂ ತಾಳೆ ಆಗುತ್ತದೆಯೇ ಅಂತ ಮೊದಲೇ ತೋರಿಸಬೇಕು. ಆ ತಾಳೆ ಒಳ್ಳೆಯದು. ಆದರೆ ಹೆದರಿ ನಡುಗುತ್ತಿರುವ ಮನುಷ್ಯ ಹೆಸರು ನೋಡಿ ನಿಲ್ಲುತ್ತಾನೆ ಅಂತ ನನಗೆ ನಂಬಿಕೆ ಇಲ್ಲ.

ಅವನನ್ನು ನಿಲ್ಲಿಸುವುದು ಸಮಯ, ಇಲ್ಲವೇ ಇನ್ನೊಬ್ಬ ಮನುಷ್ಯ. ದುಡ್ಡು ಕಳಿಸಲು ಹೊಸಬರ ಹೆಸರು ಸೇರಿಸಿದ ಮೊದಲ 24 ಗಂಟೆ ಕಡಿಮೆ ಮಿತಿ ಹಾಕುವ ಬ್ಯಾಂಕುಗಳು ನಮ್ಮಲ್ಲಿವೆ. ಜನ ಅದನ್ನು ಬೈಯುತ್ತಾರೆ. ನಾನು ಅದನ್ನೇ ಎಲ್ಲ ಕಡೆ ಬಿಗಿ ಮಾಡಿ ಅನ್ನುತ್ತೇನೆ. ಮನೆ ಕೊಳ್ಳುವವನು ಒಂದು ದಿನ ಕಾದರೆ ಮನೆ ಓಡಿಹೋಗುವುದಿಲ್ಲ.

ಇನ್ನೊಬ್ಬ ಮನುಷ್ಯ ಅಂದೆನಲ್ಲ, ಅಲ್ಲಿ ಹಳೆಯ ಬ್ಯಾಂಕಿನ ಮಾತು ಬರುತ್ತದೆ. ಇಲ್ಲಿನ ಊರೂರಿನಲ್ಲೂ ಎರಡು ಬೋರ್ಡು ಕಾಣುತ್ತವೆ. ಒಂದು ಕೆಂಪು ಬಣ್ಣದ ಸ್ಪಾರ್ಕಾಸೆ. ಇವು ಸ್ಥಳೀಯ ಆಡಳಿತಗಳ ಆಶ್ರಯದಲ್ಲಿರುವ ಉಳಿತಾಯ ಬ್ಯಾಂಕುಗಳು. ಒಂದು ಜಿಲ್ಲೆಯದ್ದು ಸಾಮಾನ್ಯವಾಗಿ ಪಕ್ಕದ ಜಿಲ್ಲೆಗೆ ಕೈ ಚಾಚುವುದಿಲ್ಲ. ಇನ್ನೊಂದು ಸಹಕಾರಿ ಬ್ಯಾಂಕು. ಹತ್ತೊಂಬತ್ತನೇ ಶತಮಾನದಲ್ಲಿ ಬಡ್ಡಿಸಾಲದಲ್ಲಿ ಮುಳುಗಿದ ರೈತರಿಗಾಗಿ ಫ್ರೀಡ್ರಿಶ್ ವಿಲ್‌ಹೆಲ್ಮ್ ರೈಫೈಜನ್ ಅನ್ನುವವರು ಕಟ್ಟಿದ ಸಾಲದ ಸಂಘಗಳ ಮುಂದುವರಿಕೆ ಅದು. ಇದನ್ನು ನೋಡಿಕೊಂಡು ಬರಲು ಮದ್ರಾಸ್ ಸರ್ಕಾರ ಫ್ರೆಡರಿಕ್ ನಿಕೋಲ್ಸನ್ ಎಂಬ ಅಧಿಕಾರಿಯನ್ನು ಯುರೋಪಿಗೆ ಕಳಿಸಿತ್ತು. 1904ರಲ್ಲಿ ಭಾರತದಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ದೇಶದಲ್ಲಿ ಮೊದಲನೆಯದು ಅಂತ ಅದಕ್ಕೆ ಹೆಸರು. ರೈಫೈಜನ್ ಬೋರ್ಡಿನ ಕೆಳಗೆ ಹಾದುಹೋಗುವಾಗ ನನಗೆ ಕಣಗಿನಹಾಳ ನೆನಪಾಗುತ್ತದೆ. ಇಲ್ಲಿನವರಿಗೆ ಹೇಳಿದರೆ ಬಹಳ ಖುಷಿ ಪಡುತ್ತಾರೆ.

ಆಮೇಲೆ ನಮ್ಮ ಕರಾವಳಿ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಬಂದು ತೆಗೆದುಕೊಳ್ಳುತ್ತಿದ್ದರು. ಮಲೆನಾಡಿನ ಸಾಗರ ಪಟ್ಟಣದಲ್ಲಿ ನಮ್ಮಪ್ಪನ ಅಂಗಡಿಗೆ ಬರುತ್ತಿದ್ದ ಪಿಗ್ಮಿಯವರು ದುಡ್ಡು ತೆಗೆದುಕೊಂಡು ಚೀಟಿ ಹರಿದು ಕೊಡುವುದರ ಜೊತೆಗೆ ಊರಿನ ಸುದ್ದಿಯನ್ನೂ ಕೊಡುತ್ತಿದ್ದರು. ಎರಡು ದಿನ ಅಪ್ಪ ದುಡ್ಡು ಕೊಡದಿದ್ದರೆ "ಯಾಕೆ, ವ್ಯಾಪಾರ ಇಲ್ವಾ?" ಅನ್ನುತ್ತಿದ್ದರು. ಇವತ್ತು ಯಾವ ಆ್ಯಪ್ ಕೇಳುತ್ತದೆ ಈ ಪ್ರಶ್ನೆ? ನೋಟಿಫಿಕೇಷನ್ ಬರುತ್ತದೆ, ಸಾಲ ಬೇಕಾ ಅಂತ.

ಆ ಬ್ಯಾಂಕುಗಳಲ್ಲಿ ಹಲವು ಈಗ ಹೆಸರಿಗೂ ಇಲ್ಲ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಹೋದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಅದಕ್ಕೂ ಮೊದಲೇ, 2017ರಲ್ಲಿ. ಜರ್ಮನಿಯಲ್ಲೂ ಶಾಖೆಗಳು ಮುಚ್ಚುತ್ತಿವೆ. ಆದರೂ ಹಳ್ಳಿಗಳಿಗೆ ಬಸ್ಸಿನಲ್ಲೇ ಶಾಖೆ ಕಳಿಸುವ ಸ್ಪಾರ್ಕಾಸೆಗಳಿವೆ. ವಾರದಲ್ಲಿ ಗೊತ್ತಾದ ಹೊತ್ತಿಗೆ ಬಸ್ಸು ಬರುತ್ತದೆ, ಒಳಗೆ ಕೌಂಟರ್ ಇರುತ್ತದೆ, ಮುದುಕರು ಚೀಲ ಹಿಡಿದು ಸಾಲು ನಿಲ್ಲುತ್ತಾರೆ.

ನಗದಿನ ಪರ ಮಾತಾಡಿದರೆ ಸೂಟ್‌ಕೇಸ್ ದುಡ್ಡಿನ ಪರ ಅಂತ ತಿಳಿಯಬೇಡಿ. ನಮ್ಮಲ್ಲಿ 2017ರಿಂದ ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ. ಜರ್ಮನಿಯಲ್ಲಿ 2023ರಿಂದ ನಗದು ಕೊಟ್ಟು ಮನೆ ಕೊಳ್ಳುವಂತಿಲ್ಲ. ಎರಡೂ ಸರಿಯೇ. ಸಣ್ಣ ನಗದಿನ ಮೇಲೆ ಯಾಕೆ ಕಣ್ಣು ಅನ್ನುವುದಷ್ಟೇ ನನ್ನ ಪ್ರಶ್ನೆ. 2025ರ ಜುಲೈಯಲ್ಲಿ ಕರ್ನಾಟಕದಲ್ಲಿ ಏನಾಯಿತು ನೋಡಿ. ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಹೋದವು. ತರಕಾರಿ, ಹಾಲು ಮಾರುವವರಿಗೂ ಬಂದವು. ಬೆಂಗಳೂರಿನ ಅಂಗಡಿಗಳಲ್ಲಿ ರಾತ್ರೋರಾತ್ರಿ 'ಯುಪಿಐ ಇಲ್ಲ, ನಗದು ಮಾತ್ರ' ಅಂತ ಚೀಟಿ ಎದ್ದವು. ನಮ್ಮ ಬೇಕರಿಯ ಚೀಟಿಯೇ, ಕನ್ನಡದಲ್ಲಿ! ಹಳೆಯ ಬಾಕಿ ಕೇಳುವುದಿಲ್ಲ ಅಂತ ಆಮೇಲೆ ಸರ್ಕಾರ ಹೇಳಿತು. ತೆರಿಗೆ ಕಟ್ಟಬೇಕಾದವರು ಕಟ್ಟಲಿ, ಆ ಮಾತು ಬೇರೆ. ಆದರೆ ನನ್ನ ಪಕ್ಕದ ಮನೆಯವರ ಅನುಮಾನ ಅಷ್ಟು ಹುಚ್ಚಲ್ಲ ಅಂತ ಅವತ್ತು ಅನಿಸಿತು.

ಅಮ್ಮನ ವಿಷಯದಲ್ಲಿ ನಾವು ಮಾಡಿಕೊಂಡಿರುವ ಏರ್ಪಾಡು ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಅವರಿಗೆ ಎರಡು ಬ್ಯಾಂಕಿನಲ್ಲಿ ಖಾತೆ. ಒಂದರಲ್ಲಿ ತಿಂಗಳ ಖರ್ಚಿನಷ್ಟು ಮಾತ್ರ, ಯುಪಿಐ ಇರುವುದು ಅದಕ್ಕೇ. ಹೂವು, ಹಾಲು, ಆಟೋ ಎಲ್ಲ ಅದರಿಂದ. ಇನ್ನೊಂದರಲ್ಲಿ ಉಳಿತಾಯ ಮತ್ತು ಠೇವಣಿ. ಅದಕ್ಕೆ ನೆಟ್ ಬ್ಯಾಂಕಿಂಗ್ ಇಲ್ಲ, ಯುಪಿಐ ಇಲ್ಲ, ಎಟಿಎಂ ಕಾರ್ಡೂ ಇಲ್ಲ. ಮೆಸೇಜ್ ಮಾತ್ರ ಬರುತ್ತದೆ. ದುಡ್ಡು ಬೇಕಾದರೆ ಶಾಖೆಗೆ ಹೋಗಿ ಸಹಿ ಹಾಕಬೇಕು. ಠೇವಣಿ ವಿಮೆ ಬ್ಯಾಂಕ್ ಒಂದಕ್ಕೆ 5 ಲಕ್ಷದವರೆಗೆ ಮಾತ್ರ ಇರುವುದರಿಂದ ಎರಡು ಬೇರೆ ಬ್ಯಾಂಕ್ ಇದ್ದರೆ ಆ ಲೆಕ್ಕದಲ್ಲೂ ಒಳ್ಳೆಯದು. ಮನೆಯಲ್ಲಿ ಕಬ್ಬಿಣದ ಬೀರುವಿನಲ್ಲಿ ಒಂದಷ್ಟು ನಗದು, ಕರೆಂಟು ನೆಟ್‌ವರ್ಕ್ ಎರಡೂ ಹೋಗುವ ಮಲೆನಾಡಿನ ಮಳೆಗಾಲಕ್ಕೆ.

ಅಮ್ಮ ಮೊದಲು ಗೊಣಗಿದರು. ಈಗ ಶಾಖೆಗೆ ಹೋಗುವುದೇ ಅವರಿಗೆ ಒಂದು ತಿರುಗಾಟ. ಹೋದ ಸಲ ದೊಡ್ಡ ಮೊತ್ತ ತೆಗೆಯಲು ಹೋದಾಗ ಮ್ಯಾನೇಜರ್ "ಯಾರಿಗೆ ಅಮ್ಮಾ ಇಷ್ಟೊಂದು? ಯಾರಾದರೂ ಫೋನ್ ಮಾಡಿದ್ರಾ?" ಅಂತ ಕೇಳಿದರಂತೆ. ಮನೆಯ ಹೆಂಚು ಬದಲಾಯಿಸಲು ಅಂದ ಮೇಲೆ ಕೊಟ್ಟರು. ಅವರಿಗೆ ಇನ್ನು ಸ್ವಲ್ಪ ದಿನದಲ್ಲಿ ವರ್ಗವಂತೆ. ಮುಂದೆ ಬರುವವರಿಗೆ ಕನ್ನಡ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಇಲ್ಲಿ ನಮ್ಮ ಊರಿನ ಬ್ಯಾಂಕಿನ ಕೌಂಟರಿನಲ್ಲಿ ಜರ್ಮನ್ ಬಾರದವರನ್ನು ಕೂರಿಸುವ ಯೋಚನೆಯೇ ಯಾರಿಗೂ ಬರುವುದಿಲ್ಲ. ಸಾಗರದಲ್ಲಿ ಆ ಕುರ್ಚಿಗೆ ಬರುವವರು ಬೇರೆ ಏನು ಕಲಿಯದಿದ್ದರೂ ಆ ಎರಡು ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಲು, ಅಮ್ಮ ಹೇಳುವ ಉತ್ತರವನ್ನು ಅರ್ಥ ಮಾಡಿಕೊಳ್ಳಲು ಕಲಿತೇ ಬರಬೇಕು.